ಪರ್ಷಿಯನ್ ಬೆಕ್ಕಿಗೆ ಪೂರ್ವಸಿದ್ಧತೆ

ತಿಳಿದು ತರಬೇಕು, ತಂದು ತಿಳಿಯಬಾರದು. ಇದು ಗೋಣಿಬೀಡಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದ ವಿಷ್ಣುಮೂರ್ತಿ ಮೇಷ್ಟ್ರ ಸಿದ್ಧಾಂತ. ಮನೆಗೆ ಮಿಕ್ಸಿ ತರುವ ಮೊದಲು ಅವರು ಮಿಕ್ಸಿಯ ಬಗ್ಗೆ ಒಂದೂವರೆ ವರ್ಷ ಓದಿದ್ದರು. ಆ ಒಂದೂವರೆ ವರ್ಷ ಅವರ ಹೆಂಡತಿ ಸರಸ್ವತಮ್ಮ ಒರಳಿನಲ್ಲಿ ರುಬ್ಬಿದ್ದರು. ಪ್ರೆಷರ್ ಕುಕ್ಕರ್ ಬಂದಾಗಲಂತೂ ಅದರ ಸೇಫ್ಟಿ ವಾಲ್ವಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಒಂಬತ್ತನೇ ತರಗತಿಗೆ ಪೂರ್ತಿ ವಿವರಿಸಿ ಬಂದ ಮೇಲೆಯೇ ಮನೆಯಲ್ಲಿ ಅನ್ನಕ್ಕೆ ಅಪ್ಪಣೆ ಸಿಕ್ಕಿದ್ದು.

ಹೀಗಿರುವಾಗ 2003ರ ಜನವರಿಯ ಒಂದು ಶನಿವಾರ ಸಂಜೆ ಸರಸ್ವತಮ್ಮ ಚಪ್ಪಲಿ ಬಿಡುತ್ತಲೇ, "ರೀ, ಒಂದು ಬೆಕ್ಕಿನ ಮರಿ ತರೋಣ ಅಂತಿದೀನಿ" ಎಂದರು.

ಪ್ರತಿ ಶನಿವಾರ ಮಧ್ಯಾಹ್ನ ಅವರು ಶಶಿಧರ್ ಅವರ ಎಸ್ಟೇಟ್ ಬಂಗಲೆಗೆ ಹೋಗಿ, ಶಶಿಧರ್ ಅವರ ಮಗಳು ಧನ್ಯಾಳಿಗೆ ಸಂಗೀತ ಹೇಳಿಕೊಟ್ಟು ಬರುತ್ತಿದ್ದರು. ಆ ಮನೆಯಲ್ಲಿ ಒಂದು ಬಿಳಿಯ ಬೆಕ್ಕಿತ್ತು. ಅದು ನಾಲ್ಕು ಮರಿ ಹಾಕಿತ್ತು. ಧನ್ಯಾಳ ತಾಯಿ ರಕ್ಷಾ, "ಟೀಚರ್, ಒಂದು ಮರಿ ನಿಮಗೇ. ತಾಯಿ ಹಾಲು ಬಿಟ್ಟ ಮೇಲೆ ಕೊಡ್ತೀನಿ" ಎಂದಿದ್ದರು.

"ಯಾವ ತಳಿ?" ಎಂದು ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು.

"ಪರ್ಷಿಯನ್ ಅಂತೆ."

ಬೇರೆ ಗಂಡಂದಿರಾದರೆ ಹೂಂ ಎನ್ನುತ್ತಿದ್ದರು, ಇಲ್ಲವೇ ಊಹೂಂ ಎನ್ನುತ್ತಿದ್ದರು. ಮೇಷ್ಟ್ರು ಎದ್ದು ನಿಂತರು. "ನೋಡು ಸರಸ್ವತೀ, ಜಾತಿ ಬೆಕ್ಕು ಅಂದ್ರೆ ಬೀದಿ ಬೆಕ್ಕಲ್ಲ. ಅದರ ಗುಣ, ಸ್ವಭಾವ, ಆಹಾರ, ರೋಗ ಎಲ್ಲ ತಿಳ್ಕೊಂಡೇ ತರಬೇಕು. ಇನ್ನು ಆರು ವಾರದಲ್ಲಿ ಇಡೀ ಮೂಡಿಗೆರೆ ತಾಲ್ಲೂಕಲ್ಲಿ ಪರ್ಷಿಯನ್ ಬೆಕ್ಕಿನ ಬಗ್ಗೆ ನನ್ನಷ್ಟು ತಿಳಿದೋನು ಇನ್ನೊಬ್ಬ ಇರಕೂಡದು. ಹಾಗೆ ಮಾಡ್ತೀನಿ."

"ಬೆಕ್ಕೊಂದು ಇದ್ರೆ ಸಾಕಿತ್ತು" ಎಂದು ಸರಸ್ವತಮ್ಮ ಒಳಗೆ ಹೋದರು. ಅದು ಯಾಕೆ ಬೇಕು ಎಂದು ಮೇಷ್ಟ್ರು ಕೇಳಲಿಲ್ಲ. ಅವರ ಪ್ರಶ್ನೆಗಳೆಲ್ಲ ಬೆಕ್ಕಿಗೆ ಮೀಸಲಾಗಿದ್ದವು.

ಮರುದಿನವೇ ಇನ್ನೂರು ಪುಟದ ನೋಟ್‌ಬುಕ್ಕೊಂದು ಬಂತು. ಹೊದಿಕೆಗೆ ಕಂದು ಕಾಗದ ಹಾಕಿ, ಲೇಬಲ್ ಅಂಟಿಸಿ, ‘ಪರ್ಷಿಯನ್ ಮಾರ್ಜಾಲ: ಒಂದು ಅಧ್ಯಯನ’ ಎಂದು ಬರೆದರು. ವಾರಕ್ಕೆರಡು ಸಲ ಶಾಲೆ ಮುಗಿಸಿ ಮೂಡಿಗೆರೆಯ ಬಸ್ಸು ಹತ್ತಿ ಸೈಬರ್ ಸೆಂಟರಿಗೆ ಹೋದರು. ಅಲ್ಲಿ ಒಂದು ಬೆಕ್ಕಿನ ಫೋಟೋ ಕಿವಿಯಿಂದ ಶುರುವಾಗಿ ಬಾಲದವರೆಗೆ ಕಾಣಿಸಲು ಹತ್ತು ನಿಮಿಷ ಬೇಕಾಗುತ್ತಿತ್ತು. ಮೇಷ್ಟ್ರು ತಾಳ್ಮೆಯಿಂದ ಕಾದು, ಕಿವಿ ಬಂದಾಗ ಕಿವಿಯ ಬಗ್ಗೆ, ಮೂಗು ಬಂದಾಗ ಮೂಗಿನ ಬಗ್ಗೆ ಟಿಪ್ಪಣಿ ಮಾಡಿಕೊಂಡರು. ಪಕ್ಕದ ಕಂಪ್ಯೂಟರಿನಲ್ಲಿ ಕಾಫಿ ರೇಟು ನೋಡುತ್ತಿದ್ದ ಪ್ಲಾಂಟರೊಬ್ಬರು, "ಇದೆಂತ ಮಾರಾಯ್ರೆ, ಮುಖದ ಮೇಲೆ ಯಾರಾದ್ರೂ ಕೂತಿದ್ರಾ ಇದಕ್ಕೆ?" ಎಂದು ಕೇಳಿದಾಗ ಮೇಷ್ಟ್ರು ಅವರಿಗೂ ಚಪ್ಪಟೆ ಮೂಗಿನ ಪಾಠ ಮಾಡಿದರು. ಬಸ್ಸು ತಪ್ಪಿತು.

ರಾತ್ರಿ ಊಟಕ್ಕೆ ಕೂತಾಗ ಸರಸ್ವತಮ್ಮನಿಗೆ ಆ ದಿನದ ಸಾರಾಂಶ ದೊರೆಯುತ್ತಿತ್ತು. ದಿನಾ ಬಾಚಬೇಕು, ಇಲ್ಲದಿದ್ದರೆ ಕೂದಲು ಗಂಟು ಬೀಳುತ್ತದೆ. ದಿನಾ ಕಣ್ಣೊರೆಸಬೇಕು, ಸದಾ ನೀರು ಸುರಿಯುತ್ತಿರುತ್ತದೆ. ತಟ್ಟೆ ಆಳವಿರಬಾರದು, ಮೂಗು ಮುಳುಗುತ್ತದೆ. ಸೆಕೆ ಆಗಿಬರುವುದಿಲ್ಲ.

"ಸೆಕೆಗೆ ಚಿಂತೆ ಇಲ್ಲ. ಅರಬ್ ದೇಶದ ಕಾಫಿ ಬಾಬಾಬುಡನ್‌ಗಿರಿಗೆ ಬಂದು ಒಗ್ಗಿಕೊಳ್ತು. ಪರ್ಷಿಯಾದ ಬೆಕ್ಕು ಗೋಣಿಬೀಡಿಗೆ ಒಗ್ಗದೇ ಇರುತ್ತಾ?" ಎಂದು ಮೇಷ್ಟ್ರು ತಮ್ಮ ಮಾತಿಗೆ ತಾವೇ ಮೆಚ್ಚಿಕೊಂಡು ಮಜ್ಜಿಗೆ ಹಾಕಿಸಿಕೊಂಡರು.

ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ ಮಗಳು ಅಮೂಲ್ಯಾ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ಅಪ್ಪ, ನಾನು ಹುಟ್ಟೋ ಮೊದ್ಲೂ ಹೀಗೇ ನೋಟ್ಸ್ ಮಾಡಿದ್ರಾ?" ಎಂದಳು.

"ಸಮಯ ಸಿಗಲಿಲ್ಲ" ಎಂದರು ಮೇಷ್ಟ್ರು ಗಂಭೀರವಾಗಿ.

ಓದು ಮುಗಿದ ಮೇಲೆ ಪ್ರಯೋಗ ಆಗಬೇಕಲ್ಲ. ಮೊದಲು ಸರಸ್ವತಮ್ಮನ ಉಣ್ಣೆಯ ಶಾಲನ್ನು ಮಡಿಲಲ್ಲಿ ಹಾಕಿಕೊಂಡು ಬಾಚಿದರು. ಮೂರು ದಿನಕ್ಕೆ ಶಾಲು ಒಂದು ಗೇಣು ಕಿರಿದಾಯಿತು. ಆಗ ಅವರ ಕಣ್ಣಿಗೆ ಬಿದ್ದದ್ದು ಕಳ್ಳ ಬೆಕ್ಕು. ಬೂದಿ ಬಣ್ಣ, ಮೈ ತುಂಬ ಪಟ್ಟೆ, ಹರಿದ ಎಡಗಿವಿ. ಎರಡು ವರ್ಷದಿಂದ ಅಡುಗೆಮನೆಯ ಗವಾಕ್ಷಿಯಲ್ಲಿ ಇಳಿದು ಹಾಲಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದ ಆಸಾಮಿ. ಈಗ ಮೇಷ್ಟ್ರು ಅದಕ್ಕೆ ಮುಂಬಾಗಿಲಲ್ಲೇ ಹಾಲಿಟ್ಟು ಕರೆದರು.

"ಎರಡು ವರ್ಷ ಪೊರಕೆ ತಗೊಂಡು ಓಡಿಸಿದ್ರಿ. ಈಗ ಉಪಚಾರ. ಅದಕ್ಕೆ ಗೊಂದಲ ಆಗಲ್ವಾ?" ಎಂದರು ಸರಸ್ವತಮ್ಮ.

"ಇದು ಪ್ರಾಕ್ಟಿಕಲ್ ಕ್ಲಾಸು. ಪರ್ಷಿಯನ್ ಬರೋವರೆಗೆ ಮಾತ್ರ."

ಬೆಕ್ಕಿಗೆ ಗೊಂದಲವೇನೂ ಆಗಲಿಲ್ಲ. ಅದು ಹಾಲು ಕುಡಿಯಿತು, ಮೀಸೆ ಒರೆಸಿಕೊಂಡಿತು, ಮರುದಿನ ಅದೇ ಹೊತ್ತಿಗೆ ಬಂತು. ನಾಲ್ಕನೇ ದಿನ ಬಾಚಿಸಿಕೊಂಡಿತು. ಮೇಷ್ಟ್ರು ಅದಕ್ಕೆ ಸುಲ್ತಾನ ಎಂದು ಹೆಸರಿಟ್ಟರು. ಒಂದೇ ತೊಡಕು ಆಹಾರದ್ದು. ಜಾತಿ ಬೆಕ್ಕಿಗೆ ಮಾಂಸ ಬೇಕೇ ಬೇಕು ಎಂದು ಓದಿದ ದಿನ ಮೇಷ್ಟ್ರು ನೋಟ್‌ಬುಕ್ ಮುಚ್ಚಿಟ್ಟು, ಎರಡು ದಿನ ತೆರೆದಿರಲಿಲ್ಲ. ಸಮಸ್ಯೆಯನ್ನು ಬಿಡಿಸಿದ್ದು ಪಕ್ಕದ ಮನೆಯ ದ್ಯಾವಮ್ಮ. ಎರಡೆಕರೆ ಕಾಫಿ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಅಜ್ಜಿ.

"ಅದಕ್ಕೆ ಯೋಚ್ನೆ ಯಾಕೆ ಮೇಷ್ಟ್ರೇ? ನಿಮ್ಮನೇಲಿ ಮೊಸರನ್ನ ಉಣ್ಲಿ, ನಮ್ಮನೇಲಿ ಒಣಮೀನು ತಿನ್ಲಿ. ಎರಡು ಮನೆ ನೆಂಟ ಅಂದ್ಕೊಂಡ್ರಾಯ್ತು."

ಹೀಗೆ ಸುಲ್ತಾನ ಎರಡು ಮನೆಯಲ್ಲಿ ಉಂಡು ದಿನೇದಿನೇ ತುಂಬಿಕೊಂಡ. ‘ಕ್ರಮಬದ್ಧ ಆಹಾರದ ಫಲ’ ಎಂದು ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದರು.

ಫೆಬ್ರವರಿ ಕೊನೆಯ ಹೊತ್ತಿಗೆ ಉಳಿದದ್ದು ಸ್ನಾನದ ಅಧ್ಯಾಯ ಒಂದೇ. ಒಂದು ಭಾನುವಾರ ಸರಸ್ವತಮ್ಮ ಯಾರದೋ ಸೀಮಂತಕ್ಕೆ ಮೂಡಿಗೆರೆಗೆ ಹೋದರು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಹಂಡೆಯಿಂದ ಉಗುರುಬೆಚ್ಚಗಿನ ನೀರು ತೋಡಿ, ಶಾಂಪೂ ಸ್ಯಾಷೆ ಹರಿದು, ಬಚ್ಚಲ ಬಾಗಿಲು ಹಾಕಿಕೊಂಡರು. ಒಳಗೆ ನಡೆದದ್ದನ್ನು ನೋಡಿದವರಿಲ್ಲ. ಕೇಳಿದವರಿದ್ದಾರೆ. ಮೊದಲು "ಬಾರೋ ಸುಲ್ತಾನಾ" ಎಂಬ ಪ್ರೀತಿಯ ಕರೆ, ಆಮೇಲೆ ಚೊಂಬು ಬಿದ್ದ ಸದ್ದು, ಆಮೇಲೆ ಯಾರ ದನಿ ಯಾರದೆಂದು ಹೇಳಲಾಗದಂಥ ಎರಡು ದನಿಗಳು. ಅರ್ಧ ಗಂಟೆಯ ನಂತರ ಮೇಷ್ಟ್ರು ಮೊಣಕೈವರೆಗೆ ಗೀರು ಹಾಕಿಸಿಕೊಂಡು, ಟವೆಲಿನಲ್ಲಿ ಸುತ್ತಿದ ಸುಲ್ತಾನನನ್ನು ಹಿಡಿದು ಹೊರಗೆ ಬಂದರು. ತಾವೂ ಸ್ನಾನ ಮಾಡಿದಂತಿದ್ದರು.

ಪುಟ ನೂರಹನ್ನೆರಡರ ಪ್ರಕಾರ ಸ್ನಾನದ ನಂತರ ಪೌಡರು ಹಾಕಿ ಬಾಚಬೇಕು. ಚೆನ್ನಾಗಿ ಒಣಗಿದ ಮೇಲೆ ಎಂಬುದು ಪುಟ ನೂರಹದಿಮೂರರಲ್ಲಿತ್ತು. ಮೇಷ್ಟ್ರು ಪುಟ ಮಗುಚುವ ಸ್ಥಿತಿಯಲ್ಲಿರಲಿಲ್ಲ. ಸರಸ್ವತಮ್ಮನ ಪೌಡರ್ ಡಬ್ಬಿಯನ್ನು ಒದ್ದೆ ಬೆಕ್ಕಿನ ಮೇಲೆ ಅರ್ಧ ಖಾಲಿ ಮಾಡಿದರು. ಪೌಡರು ಕಲಸಿದ ಅಕ್ಕಿಹಿಟ್ಟಿನಂತೆ ಮೈಗೆ ಮೆತ್ತಿತು. ಪಟ್ಟೆಗಳೆಲ್ಲ ಮಾಯವಾದವು. ಕೂದಲು ಮುಳ್ಳುಮುಳ್ಳಾಗಿ ನಿಂತಿತು. ಸುಲ್ತಾನ ಒಮ್ಮೆ ಸೀನಿ, ಕೈಯಿಂದ ಜಿಗಿದು, ತೆರೆದ ಬಾಗಿಲಿನಿಂದ ಹಾರಿ, ದ್ಯಾವಮ್ಮ ಅಂಗಳದಲ್ಲಿ ಒಣಗಲು ಹರವಿದ್ದ ಕಾಫಿ ಹಣ್ಣಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಿದ. ಕರಿ ಕಾಫಿಯ ಮೇಲೆ ಬಿಳಿ ಹೆಜ್ಜೆಗಳು ಸಾಲಾಗಿ ಮೂಡಿದವು.

ಕಾಫಿ ಕೈಯಾಡಿಸುತ್ತಿದ್ದ ದ್ಯಾವಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರು ಹಣೆಗೆ ಕೈ ಅಡ್ಡ ಹಿಡಿದು, "ಓ ಮೇಷ್ಟ್ರೇ, ಬಂತಾ ನಿಮ್ಮ ಫಾರಿನ್ ಕೊತ್ತಿ? ಎಷ್ಟು ಬೆಳ್ಳಗಿದೆ ಮಾರಾಯ್ರೆ" ಎಂದರು.

ಒದ್ದೆ ಪಂಚೆ, ಕೈತುಂಬ ಗೀರು, ಕೈಯಲ್ಲಿ ಹೆಂಡತಿಯ ಪೌಡರ್ ಡಬ್ಬಿ. ಆ ವೇಷದಲ್ಲಿ ನಿಂತು, ‘ಇದು ಕಳ್ಳ ಬೆಕ್ಕು, ನಾನೇ ಪೌಡರು ಬಳಿದೆ’ ಎಂದು ಹೇಳಲು ಇಪ್ಪತ್ತೆರಡು ವರ್ಷ ಸರ್ವೀಸಾದ ಮೇಷ್ಟ್ರಿಗೆ ಬಾಯಿ ಬರಲಿಲ್ಲ. "ಹೂಂ" ಎಂದುಬಿಟ್ಟರು.

ಒಂದೇ ಅಕ್ಷರ, ಅದರ ಪಕ್ಕ ಒಂದು ಸೊನ್ನೆ. ಆದರೆ ಅದು ಸೋಮವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಹಾಲಿನ ಡೈರಿ, ಒಂಬತ್ತಕ್ಕೆ ಬಸ್ ಸ್ಟಾಪು, ಹತ್ತಕ್ಕೆ ಸ್ಟಾಫ್ ರೂಮು ತಲುಪಿತು. ಸಂಜೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಮೇಷ್ಟ್ರ ಎದುರಿಗೆ ಚಿಕ್ಕಯ್ಯ ಬಂದು ಕೂತರು. ಶಶಿಧರ್ ಅವರ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಅವರು.

"ಮನೆಗೆ ಪರ್ಷಿಯನ್ ಬಂತಂತೆ ಮೇಷ್ಟ್ರೇ. ನಮ್ಮ ಅಮ್ಮಾವ್ರು ಇನ್ನೂ ಕೊಟ್ಟಿಲ್ವಲ್ಲ. ಇದೆಲ್ಲಿಂದ?"

ಸುತ್ತ ನಾಲ್ಕು ಜನ ಕಿವಿಯಾಗಿದ್ದರು. "ಇದು... ಬೆಂಗಳೂರಿಂದ. ಒಬ್ಬರು ಸ್ನೇಹಿತರು ಕಳಿಸಿದ್ರು" ಎಂದರು ಮೇಷ್ಟ್ರು.

ಮನೆಯಲ್ಲಿ ಸರಸ್ವತಮ್ಮ ಕೇಳಿದರು: "ದ್ಯಾವಮ್ಮ ಏನೋ ಹೇಳ್ತಿದ್ರಲ್ಲ, ಬೆಕ್ಕು ಬಂತು ಅಂತ?"

"ಪಾಪ, ಅವರಿಗೆ ಕಣ್ಣು ಮಂಜಲ್ವಾ" ಎಂದರು ಮೇಷ್ಟ್ರು. ಅದಂತೂ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡರು.

ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಪ್ಪನವರು ತರೀಕೆರೆ ಕಡೆಯವರು. ಹಟ್ಟಿಯಲ್ಲಿ ಎರಡು ಹಸು ಕಟ್ಟಿದ್ದರು. ಬೆಕ್ಕಿನ ವಿಷಯ ಕೇಳಿ ಅವರಿಗೆ ಕುತೂಹಲ. "ನಮ್ಮ ಮನೆಯವರಿಗೂ ನೋಡ್ಬೇಕಂತೆ ಮೇಷ್ಟ್ರೇ. ಯಾವಾಗ ಬರೋಣ?"

ಬೇಡ ಎನ್ನಲಾಗದು. ಮೇಷ್ಟ್ರು ಬೆರಳೆಣಿಸಿ, "ಶನಿವಾರ ಮಧ್ಯಾಹ್ನ ಬನ್ನಿ ಸಾರ್" ಎಂದರು. ಶನಿವಾರ ಮಧ್ಯಾಹ್ನ ಸರಸ್ವತಮ್ಮ ಮನೆಯಲ್ಲಿರುವುದಿಲ್ಲ.

ಶನಿವಾರ ಬಂತು. ಸರಸ್ವತಮ್ಮ ಹೊರಟರು. ಮೇಷ್ಟ್ರು ಉಳಿದರ್ಧ ಡಬ್ಬಿ ಪೌಡರನ್ನು ಒಣ ಬೆಕ್ಕಿಗೇ ಹಾಕಿ ಬಾಚಿ, ಸುಲ್ತಾನನನ್ನು ಬುಟ್ಟಿಯಲ್ಲಿ ಉಣ್ಣೆ ಶಾಲಿನ ಮೇಲೆ ಕೂರಿಸಿದರು. ಹೊಟ್ಟೆ ತುಂಬ ಒಣಮೀನು ತಿಂದು ಬಂದಿದ್ದ ಸುಲ್ತಾನ ಅಲುಗಲಿಲ್ಲ. ಕಿಟಕಿಯ ಪರದೆ ಎಳೆದು ಕೋಣೆಯನ್ನು ಅರೆಗತ್ತಲು ಮಾಡಿದರು. "ಬೆಳಕು ಆಗಿಬರಲ್ಲ" ಎಂದು ಹೆಡ್‌ಮಾಸ್ಟರಿಗೆ ವಿವರಿಸಿದರು.

"ಪರ್ಷಿಯನ್ ಅಂದ್ರೆ ಮೂಗು ಚಪ್ಪಟೆ ಅಂತ ನೀವೇ ಹೇಳಿದ್ರಿ. ಇದರದ್ದು ಮುಂದೆ ಬಂದಿದೆಯಲ್ಲ?" ಎಂದರು ಮಲ್ಲಿಕಾರ್ಜುನಪ್ಪ.

"ಇನ್ನೂ ಚಿಕ್ಕದು ಸಾರ್. ಬೆಳೀತಾ ಬೆಳೀತಾ ಚಪ್ಪಟೆ ಆಗುತ್ತೆ."

"ಕೂದಲೂ ಗಿಡ್ಡ."

"ಬೇಸಿಗೆ ಬಂತಲ್ಲ ಸಾರ್, ಉದುರಿದೆ."

"ಕಿವಿ?"

"ವಿಮಾನದಲ್ಲಿ ಬರುವಾಗ..." ಎಂದು ಶುರುಮಾಡಿದ ಮೇಷ್ಟ್ರು ಬೆಂಗಳೂರಿನಿಂದ ಗೋಣಿಬೀಡಿಗೆ ವಿಮಾನವಿಲ್ಲವೆಂಬುದು ನೆನಪಾಗಿ ಕೆಮ್ಮಿದರು.

ಹೆಡ್‌ಮಾಸ್ಟರ ಹೆಂಡತಿ ಶಂಕರಮ್ಮ ಬೆಕ್ಕಿನ ಬೆನ್ನು ಸವರಿ, "ಪರಿಮಳ ಚೆನ್ನಾಗಿದೆ" ಎಂದು ಕೈ ನೋಡಿಕೊಂಡರು. ಕೈ ಬೆಳ್ಳಗಾಗಿತ್ತು. ಮಲ್ಲಿಕಾರ್ಜುನಪ್ಪ ಬಗ್ಗಿ, ಹಸುವಿನ ಮೈ ನೋಡಿ ಪಳಗಿದ ಎರಡು ಬೆರಳುಗಳಿಂದ ಬೆಕ್ಕಿನ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು.

"ಹೆಸರೇನಂದ್ರಿ?"

"ಸುಲ್ತಾನ ಸಾರ್."

"ಮೇಷ್ಟ್ರೇ, ಈ ಸುಲ್ತಾನ ಇನ್ನು ಹತ್ತು ದಿನದಲ್ಲಿ ಹೆರ್ತಾನೆ."

ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದ್ದ ಮೇಷ್ಟ್ರು ಬಾಯಿ ತೆರೆದರು. ಅದರಿಂದ ಯಾವ ಅಧ್ಯಾಯವೂ ಹೊರಬೀಳಲಿಲ್ಲ. ಅಷ್ಟರಲ್ಲಿ ಸುಲ್ತಾನ ಎಂಬ ಆ ಹೆಂಗಸು ಎದ್ದು ನಿಂತು, ಮೂಗಿನಿಂದ ಬಾಲದ ತುದಿಯವರೆಗೆ ಮೈ ಕೊಡವಿತು. ಕೋಣೆಯ ತುಂಬ ಬಿಳಿ ಮೋಡ ಎದ್ದಿತು. ಮೋಡ ಇಳಿದಾಗ ಬುಟ್ಟಿಯಲ್ಲಿ ಪಟ್ಟೆಪಟ್ಟೆಯ ಬೂದಿ ಬೆಕ್ಕು ಇತ್ತು. ಬಾಗಿಲಲ್ಲಿ ಸರಸ್ವತಮ್ಮ ಇದ್ದರು.

ಮಲ್ಲಿಕಾರ್ಜುನಪ್ಪ ಒಳ್ಳೆಯ ಮನುಷ್ಯ. ಭುಜದ ಮೇಲಿನ ಪೌಡರು ಕೊಡವಿಕೊಂಡು, "ಕಾಫಿ ಬಹಳ ಚೆನ್ನಾಗಿತ್ತಮ್ಮ, ಬರ್ತೀವಿ" ಎಂದು ಇನ್ನೂ ಯಾರೂ ಮಾಡಿರದ ಕಾಫಿಯನ್ನು ಹೊಗಳಿ, ಹೆಂಡತಿಯನ್ನು ಕರೆದುಕೊಂಡು ಹೊರಟರು.

ಸರಸ್ವತಮ್ಮ ಕೈಕಾಲು ತೊಳೆದು ಬಂದು ಕುರ್ಚಿಯಲ್ಲಿ ಕೂತರು. ಕೈಚೀಲದಿಂದ ಒಂದು ಸ್ಟೀಲಿನ ಬಾಚಣಿಗೆ ತೆಗೆದು ಮೇಜಿನ ಮೇಲಿಟ್ಟರು.

"ರಕ್ಷಾ ಅವರು ಕೊಟ್ರು. ನಮ್ಮ ಬೆಂಗಳೂರು ಬೆಕ್ಕಿಗೆ."

ಮೇಷ್ಟ್ರು ನೆಲ ನೋಡಿದರು.

"‘ನಿಮಗೆ ಹ್ಯಾಗೂ ಒಂದು ಬಂತಲ್ಲ ಟೀಚರ್, ಚಿಕ್ಕಯ್ಯ ಹೇಳಿದ್ರು’ ಅಂದ್ರು. ನಮಗೆ ಇಟ್ಟಿದ್ದನ್ನ ಸಕಲೇಶಪುರದ ತಮ್ಮ ನಾದಿನಿಗೆ ಕೊಡ್ತಿದಾರಂತೆ. ಅವರು ಬಂದಿದಾರೆ, ಅದಕ್ಕೇ ಪಾಠ ಬೇಗ ಮುಗೀತು. ನಾಳೆ ಬೆಳಿಗ್ಗೆ ಹೊರಡ್ತಾರೆ."

"ನೀನು ಹೇಳಬೇಕಿತ್ತು, ನಮ್ಮನೇಲಿ ಯಾವ ಬೆಕ್ಕೂ ಇಲ್ಲ ಅಂತ."

"ಚಿಕ್ಕಯ್ಯ ಅಲ್ಲೇ ನಿಂತಿದ್ರು. ಇಲ್ಲ ಅಂದ್ರೆ ನೀವು ಸುಳ್ಳುಗಾರರಾಗ್ತಿದ್ರಿ." ಸರಸ್ವತಮ್ಮನ ದನಿ ಏರಲಿಲ್ಲ. "ಮರಿ ನನ್ನ ಮಡಿಲಲ್ಲೇ ಇತ್ತು. ಹೌದು, ನಮ್ಮದೂ ಚೆನ್ನಾಗಿದೆ ಅಂದೆ."

ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

"ಮದುವೆಯಾದ ವರ್ಷ ದೇವರಮನೆ ಬೆಟ್ಟ ನೋಡ್ಬೇಕು ಅಂದಿದ್ದೆ" ಎಂದು ಸರಸ್ವತಮ್ಮ ಎದ್ದರು. "ಯಾವ ತಿಂಗಳು ಮಂಜು ಕಮ್ಮಿ ಅಂತ ನೀವು ಇನ್ನೂ ನೋಡ್ತಿದೀರಿ. ಇಲ್ಲೇ ಅರ್ಧ ದಿನದ ದಾರಿ. ನಾನು ಆಮೇಲೆ ಏನೂ ಕೇಳಿಲ್ಲ. ಇದೊಂದು ಕೇಳಿದ್ದೆ." ಆಮೇಲೆ ಅಡುಗೆಮನೆಯಿಂದ ಒಲೆಯ ಸದ್ದಷ್ಟೇ ಬಂತು.

ಮರುದಿನ ಬೆಳಕು ಹರಿಯುತ್ತಲೇ ಮೇಷ್ಟ್ರು ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಎಸ್ಟೇಟಿನ ಒಳದಾರಿ ಹಿಡಿದರು. ನೋಟ್‌ಬುಕ್ ಯಾಕೆ ಎಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಪರೀಕ್ಷೆಗೆ ಹೋಗುವವನ ಅಭ್ಯಾಸ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಮೂರು ಭಾಗ ಮಾಡಿ ಬಾಯಿಪಾಠ ಮಾಡಿಕೊಂಡರು: ಪೀಠಿಕೆ, ವಿಷಯ, ಉಪಸಂಹಾರ.

ಬಂಗಲೆಯ ಅಂಗಳದಲ್ಲಿ ಜೀಪಿನ ಇಂಜಿನ್ ಆಗಲೇ ಶುರುವಾಗಿತ್ತು. ಮೇಷ್ಟ್ರಿಗೆ ಪೀಠಿಕೆ ಮರೆತುಹೋಯಿತು.

"ರಕ್ಷಾ ಅವರೇ, ನಮ್ಮನೇಲಿ ಪರ್ಷಿಯನ್ ಇಲ್ಲ. ಬೆಂಗಳೂರಿಂದ ಯಾರೂ ಏನೂ ಕಳಿಸಿಲ್ಲ. ಇರೋದು ಪೌಡರು ಹಾಕಿದ ಕಳ್ಳ ಬೆಕ್ಕು. ಅದೂ ಗಂಡಲ್ಲ. ಸುಳ್ಳು ಹೇಳಿದ್ದು ನಾನು. ನನ್ನ ಹೆಂಡತಿ ನನ್ನ ಮಾನ ಉಳಿಸೋಕೆ ಹೂಂ ಅಂದಳು."

ರಕ್ಷಾ ನಗಲು ಬಾಯಿ ತೆರೆದವರು ನಗಲಿಲ್ಲ. "ಅದಕ್ಕೇ ಇರ್ಬೇಕು" ಎಂದರು. "ಹೊರಡೋ ಹೊತ್ತಾದ್ರೂ ಟೀಚರ್ ಮರೀನ ಕೆಳಗೆ ಇಡ್ಲೇ ಇಲ್ಲ ನಿನ್ನೆ."

ಆ ಮರಿ ಈಗ ಜೀಪಿನ ಹಿಂದಿನ ಸೀಟಿನಲ್ಲಿತ್ತು. ಅದನ್ನು ಎದೆಗೊತ್ತಿ ಹಿಡಿದಿದ್ದದ್ದು ನಾದಿನಿಯ ಆರು ವರ್ಷದ ಮಗಳು. ಬೆಳಿಗ್ಗೆ ಎದ್ದಾಗಿನಿಂದ ಅವಳು ಯಾರ ಕೈಗೂ ಕೊಟ್ಟಿರಲಿಲ್ಲವಂತೆ. ರಕ್ಷಾ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಮಗುವಿನ ಮುಖ ನೋಡಿದರು. ಇಪ್ಪತ್ತೆರಡು ವರ್ಷ ಮಕ್ಕಳ ಮುಖ ನೋಡಿದ ಮನುಷ್ಯ. ಕೇಳಲು ಬಂದದ್ದನ್ನು ಕೇಳಲಿಲ್ಲ.

"ತಾತ, ಇದರ ಕಣ್ಣಲ್ಲಿ ನೀರು ಬರ್ತಿದೆ" ಎಂದಳು ಹುಡುಗಿ. "ಅಮ್ಮನ ಬಿಟ್ಟು ಬಂತು ಅಂತ ಅಳ್ತಿದೆಯಾ?"

"ಇಲ್ಲಮ್ಮ. ಇದರ ಜಾತೀನೇ ಹಾಗೆ. ದಿನಾ ಮೆತ್ತಗಿನ ಬಟ್ಟೆ ಒದ್ದೆ ಮಾಡಿ ಒರೆಸ್ಬೇಕು. ಊಟ ಚಪ್ಪಟೆ ತಟ್ಟೇಲಿ ಹಾಕ್ಬೇಕು. ತಲೆಯಿಂದ ಬಾಲದ ಕಡೆಗೆ ಬಾಚ್ಬೇಕು, ಎದುರು ಬಾಚ್ಬಾರ್ದು." ಇಷ್ಟು ಹೇಳಿ ಮೇಷ್ಟ್ರು ಇನ್ನೂರು ಪುಟದ ನೋಟ್‌ಬುಕ್ಕನ್ನು ಜೀಪಿನ ಕಿಟಕಿಯಿಂದ ಮಗುವಿನ ತಾಯಿಯ ಕೈಗೆ ಕೊಟ್ಟರು. "ಇದರಲ್ಲಿ ಎಲ್ಲ ಇದೆ. ಸ್ನಾನ ಮಾಡಿಸುವಾಗ ನೂರಹದಿಮೂರನೇ ಪುಟಾನೂ ಓದಿ."

ಜೀಪು ಹೋಯಿತು. ರಕ್ಷಾ ಮ್ಲಾನವಾಗಿ, "ಮುಂದಿನ ಸಲದ ಮರಿ ಖಂಡಿತ ನಿಮಗೇ ಮೇಷ್ಟ್ರೇ" ಎಂದರು. "ಆದ್ರೂ ಒಂದು ಹೇಳ್ತೀನಿ. ನೀವು ಬರೆದಷ್ಟೆಲ್ಲ ನನಗೆ ಗೊತ್ತಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ. ಟೀಚರ್ ಹಾಡುವಾಗ ನಮ್ಮ ಬೆಕ್ಕು ಶ್ರುತಿಪೆಟ್ಟಿಗೆ ಪಕ್ಕದಲ್ಲಿ ಬಂದು ಕೂರುತ್ತೆ, ಮುಗಿಯೋವರೆಗೂ ಇರುತ್ತೆ. ಟೀಚರಿಗೆ ಅದು ತುಂಬ ಇಷ್ಟ. ಮನೇಲಿ ಹಾಡುವಾಗ ಹೀಗೆ ಒಂದು ಜೀವ ಪಕ್ಕದಲ್ಲಿರಬೇಕು ಅಂತಿದ್ರು."

ಮೇಷ್ಟ್ರು ವಾಪಸು ನಡೆದರು. ಮೂರು ಮೈಲಿ ದಾರಿ ಆ ದಿನ ಉದ್ದವಿತ್ತು.

ಸರಸ್ವತಮ್ಮ ದಿನಾ ಸಂಜೆ ಆರಕ್ಕೆ ದೀಪ ಹಚ್ಚಿ ಹಾಡಲು ಕೂರುತ್ತಿದ್ದರು. ಶ್ರುತಿಪೆಟ್ಟಿಗೆಯ ಮೊದಲ ದನಿ ಕೇಳುತ್ತಲೇ ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದರು. ಹಾಡುವವರಿಗೆ ತೊಂದರೆಯಾಗಬಾರದು ಎಂಬ ಸೌಜನ್ಯ ಅವರದು. ಇಪ್ಪತ್ತೆರಡು ವರ್ಷ ಒಂದು ದಿನ ತಪ್ಪದ ಸೌಜನ್ಯ. ಯಾವ ಅಧ್ಯಾಯದಲ್ಲಿ ಎಡವಿದೆ ಎಂದು ಅವರಿಗೆ ಆಗ ಹೊಳೆಯಿತು.

ಆ ಸಂಜೆ ಆರಕ್ಕೆ ಶ್ರುತಿಪೆಟ್ಟಿಗೆ ದನಿ ತೆಗೆದಾಗ ಮೇಷ್ಟ್ರು ಚಪ್ಪಲಿ ಹುಡುಕಲಿಲ್ಲ. ಬಂದು ಚಾಪೆಯ ಇನ್ನೊಂದು ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಸರಸ್ವತಮ್ಮ ಒಮ್ಮೆ ನೋಡಿದರು. ಏನೂ ಕೇಳದೆ ಹಾಡಿದರು. ಮೇಷ್ಟ್ರು ತಾಳ ಹಾಕಲು ಹೋಗಿ, ಅದು ಹಾಡಿಗಿಂತ ಮುಂದೆ ಓಡಿದ್ದು ಕಂಡು ಕೈ ಕಟ್ಟಿಕೊಂಡರು. ಎಲ್ಲಿ ತಲೆದೂಗಬೇಕೆಂದು ತಿಳಿಯದೆ ಎಲ್ಲ ಕಡೆಯೂ ದೂಗಿದರು.

ಮಾತು ಮಾತ್ರ ಬರಲಿಲ್ಲ. ‘ಊಟ’, ‘ಕಾಫಿ’, ‘ಗ್ಯಾಸ್ ಮುಗೀತು’. ಇಷ್ಟರಲ್ಲೇ ವಾರ ಕಳೆಯಿತು. ಮೇಷ್ಟ್ರು ದಿನಾ ಬಂದು ಕೂತರು, ದಿನಾ ಏನೂ ಅರ್ಥವಾಗದೆ ಎದ್ದರು. ಓದಿ ತಿಳಿದುಕೊಳ್ಳೋಣ ಎಂದು ಲೈಬ್ರರಿಯಿಂದ ಸಂಗೀತದ ಪುಸ್ತಕವೊಂದನ್ನು ತರಲು ಹೊರಟವರು ಬಾಗಿಲಲ್ಲೇ ನಿಂತು ಯೋಚಿಸಿ, ಕೊಡೆಯನ್ನು ಮತ್ತೆ ಮೂಲೆಯಲ್ಲಿಟ್ಟು ಒಳಗೆ ಬಂದರು.

ಒಂಬತ್ತನೇ ದಿನ ದ್ಯಾವಮ್ಮ ಬೇಲಿಯಾಚೆಯಿಂದ ಕೂಗಿ ಹೇಳಿದರು: "ಮೇಷ್ಟ್ರೇ, ನಿಮ್ಮ ಸುಲ್ತಾನ ನಮ್ಮ ಸೌದೆ ಕೊಟ್ಟಿಗೇಲಿ ಮೂರು ಹೆತ್ತವ್ನೆ. ಬಾಣಂತಿಗೆ ಹಾಲು ಕಳಿಸಿ." ಮೇಷ್ಟ್ರು ಮರುಮಾತಿಲ್ಲದೆ ಹಾಲಿನ ಚೊಂಬು ಹಿಡಿದು ಹೋದರು. ಸೌದೆಯ ಸಂದಿಯಲ್ಲಿ ಮೂರೂ ಪಟ್ಟೆಪಟ್ಟೆಯೇ. ಅವುಗಳ ಬಗ್ಗೆ ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಒಂದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಬಂದರು.

ಶಾಲೆಯಲ್ಲಿ ಪರೀಕ್ಷೆಯ ಕೆಲಸ ಜೋರಾಗಿತ್ತು. ಆ ಸಂಜೆ ಚಾಪೆಯ ಮೇಲೆ ಕೂತಾಗ ಮೇಷ್ಟ್ರಿಗೆ ಮೈಕೈ ಸೋತಿತ್ತು. ಶ್ರುತಿಯ ಗುಂಯ್ ಎಂಬ ಸದ್ದು ಬೆಚ್ಚಗಿತ್ತು. ಸರಸ್ವತಮ್ಮ ಯಾವುದೋ ನಿಧಾನದ ಕೃತಿ ಎತ್ತಿಕೊಂಡಿದ್ದರು. ಮೇಷ್ಟ್ರು ಪಲ್ಲವಿಗೆ ತಲೆದೂಗಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದದ್ದು ಮೌನಕ್ಕೆ. ತಲೆ ಗೋಡೆಗೆ ಒರಗಿತ್ತು, ಬಾಯಿ ತೆರೆದಿತ್ತು. ಹಾಡು ನಿಂತಿತ್ತು. ಸರಸ್ವತಮ್ಮ ಅವರನ್ನೇ ನೋಡುತ್ತಿದ್ದರು. ಒಂಬತ್ತು ದಿನದ ತಪಸ್ಸೆಲ್ಲ ಒಂದು ಗೊರಕೆಗೆ ಹೋಯಿತಲ್ಲ ಎಂದುಕೊಂಡು ಮೇಷ್ಟ್ರು ತಡಬಡಿಸಿ ನೆಟ್ಟಗೆ ಕೂತು, "ಇಲ್ಲ, ಕೇಳ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೇಳ್ತಿದ್ದೆ" ಎಂದರು.

"ಗೊರಕೆ ಹೊಡೀತಿದ್ರಿ."

"ತಪ್ಪಾಯ್ತು ಸರಸ್ವತೀ. ಆ ಬೆಕ್ಕಿಗಿದ್ದಷ್ಟು ಶ್ರದ್ಧೆ ನನಗಿಲ್ಲ ನೋಡು."

ಸರಸ್ವತಮ್ಮನ ತುಟಿ ಸ್ವಲ್ಪ ಅಲುಗಿತು. "ಅದು ಕೇಳ್ತಿತ್ತು ಅಂದ್ಕೊಂಡ್ರಾ? ಅದೂ ಪಲ್ಲವಿ ಮುಗಿಯೋಷ್ಟರಲ್ಲಿ ನಿದ್ದೆ. ಆ ಚಪ್ಪಟೆ ಮೂಗಿಗೆ ಗೊರಕೆ ಬೇರೆ. ಧನ್ಯಾಗೆ ನಗು ತಡೆಯೋಕಾಗ್ತಿರ್ಲಿಲ್ಲ."

"ಮತ್ತೆ ಅದರಲ್ಲಿ ನಿನಗೆ ಇಷ್ಟ ಆಗಿದ್ದೇನು?"

"ಎದ್ದು ಹೋಗ್ತಿರ್ಲಿಲ್ಲ."

ಸರಸ್ವತಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಸಾವಕಾಶವಾಗಿ ನೋಡಿ, ದೀಪದ ಬೆಳಕಿಗೆ ಹೊಳೆಯುತ್ತಿದ್ದ ಅವರ ಬೋಳುತಲೆಯ ಮೇಲೆ ದೃಷ್ಟಿ ನಿಲ್ಲಿಸಿದರು.

"ಪರವಾಗಿಲ್ಲ ಬಿಡಿ, ಗುಣ ಎಲ್ಲ ಬಂದಿದೆ. ಬಾಚೋ ಕೆಲಸವೂ ಇಲ್ಲ" ಎಂದು ಅನುಪಲ್ಲವಿ ಎತ್ತಿಕೊಂಡರು.